ಓದುಗರ ಪ್ರಶ್ನೆ: ಕೂದಲೆಳೆ ಕಾಲುವೆಗೆ ಗಾಳಿಯ ಒತ್ತು

ಕಳೆದ ತಿಂಗಳು ಈ ಪುಟದಲ್ಲಿ ಒಂದು ಪುಟ್ಟ ಚಿಪ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಮೊಬೈಲಿನೊಳಗಿನ ಚಿಪ್ ಅಲ್ಲ. ಪಾರದರ್ಶಕವಾದ ಮೆತ್ತನೆ ರಬ್ಬರಿನ ತುಂಡು, ಅದರೊಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆಗಳು, ಆ ಕಾಲುವೆಗಳಲ್ಲಿ ರಕ್ತವೋ ಔಷಧಿಯೋ ಬಣ್ಣದ ನೀರೋ ಹರಿಯುತ್ತದೆ. ಮೈಕ್ರೋಫ್ಲೂಯಿಡಿಕ್ ಚಿಪ್ ಅಂತ ಹೆಸರು. ಒಳಗಿನ ದ್ರವವನ್ನು ಗಾಳಿಯ ಒತ್ತಡದಿಂದ ಓಡಿಸುತ್ತಾರೆ ಎಂದು ಕೊನೆಗೊಂದು ಸಾಲು ಸೇರಿಸಿದ್ದೆ. ಈ ಸಲದ ಪತ್ರಗಳೆಲ್ಲ ಆ ಒಂದು ಸಾಲಿನ ಮೇಲೇ ಬಂದಿವೆ! ನಾನೇ ಹತ್ತು ವರ್ಷ ಇಂಥ ಲ್ಯಾಬಿನಲ್ಲಿ ಪೈಪು ಜೋಡಿಸಿದವನಾದ್ದರಿಂದ ಸಂತೋಷವೇ ಆಯಿತು. ಹಾಗಾಗಿ ಈ ತಿಂಗಳು ಬೇರೆ ವಿಷಯ ಇಲ್ಲ. ಹೆಸರು ಹಾಕುತ್ತಿಲ್ಲ, ಊರು ಬಡಾವಣೆ ಮಾತ್ರ.

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಸಿರಿಂಜ್ ಪಂಪ್ ಇದೆ. ನಿಮಿಷಕ್ಕೆ ಎಷ್ಟು ಬೇಕೋ ಆ ನಂಬರ್ ಒತ್ತಿದರೆ ತಾನೇ ತಳ್ಳುತ್ತದೆ. ಹಾಗಿರುವಾಗ ಗಾಳಿ, ಬಾಟಲಿ, ರೆಗ್ಯುಲೇಟರ್ ಅಂತ ಇಷ್ಟೆಲ್ಲ ತಾಪತ್ರಯ ಯಾಕೆ? ಗೈಡ್ ಮೇಡಂ ಗಾಳಿಯೇ ಒಳ್ಳೆಯದು ಅಂತಾರೆ. ಕಾರಣ ಕೇಳಿದರೆ ಓದ್ಕೊಳ್ಳಮ್ಮ ಅಂತಾರೆ.
— ಬಿ.ಇ. ಕೊನೆ ವರ್ಷದ ವಿದ್ಯಾರ್ಥಿನಿ, ಬಸವೇಶ್ವರನಗರ

ಮನೆಯಲ್ಲಿ ತಿರುಪಿನ ಚಕ್ಕುಲಿ ಒರಳು ಇದ್ದರೆ ಕೈಗೆ ತಗೊಳ್ಳಿ. ಹಿಡಿ ಒಂದು ಸುತ್ತು ತಿರುಗಿಸಿದರೆ ಇಷ್ಟು ಹಿಟ್ಟು ಅಂತ ಲೆಕ್ಕ, ಅಷ್ಟು ಹಿಟ್ಟು ಹೊರಗೆ ಬಂದೇ ಬರಬೇಕು. ತೂತಿಗೆ ಎಳ್ಳು ಸಿಕ್ಕಿಕೊಂಡರೂ ನೀವು ತಿರುಗಿಸುತ್ತಲೇ ಇದ್ದರೆ ಒಂದೋ ಎಳ್ಳು ಹಾರುತ್ತದೆ, ಇಲ್ಲ ಒರಳೇ ಬಿರಿಯುತ್ತದೆ. ಸಿರಿಂಜ್ ಪಂಪ್ ಇದೇ. ಒಳಗೊಂದು ಸ್ಟೆಪ್ಪರ್ ಮೋಟರ್, ಒಂದು ತಿರುಪು, ತಿರುಪಿಗೆ ಸಿಕ್ಕಿಕೊಂಡ ಸಿರಿಂಜ್.

ಇನ್ನು ಗಾಳಿ ಒತ್ತುವ ಪಂಪ್ ಅಂದರೆ ಮನೆ ಮೇಲಿನ ಟ್ಯಾಂಕ್ ಇದ್ದ ಹಾಗೆ. ಟ್ಯಾಂಕಿನ ಎತ್ತರ ಎಷ್ಟೋ ಅಷ್ಟು ಒತ್ತಡ. ಎಷ್ಟು ನೀರು ಬರುತ್ತದೆ ಅನ್ನುವುದನ್ನು ಟ್ಯಾಂಕ್ ತೀರ್ಮಾನ ಮಾಡುವುದಿಲ್ಲ, ಪೈಪು ಮತ್ತು ನಲ್ಲಿ ಮಾಡುತ್ತವೆ. ನಲ್ಲಿ ಮುಚ್ಚಿದರೆ ನೀರು ಸುಮ್ನೆ ನಿಲ್ಲುತ್ತದೆ, ಏನೂ ಒಡೆಯುವುದಿಲ್ಲ. ಸಿರಿಂಜ್ ಪಂಪಿನಲ್ಲಿ ನೀವು ಹರಿವನ್ನು ಹೇಳುತ್ತೀರಿ, ಒತ್ತಡ ಎಷ್ಟಾದರೂ ಏರಲಿ ಅಂತ ಬಿಡುತ್ತೀರಿ. ಗಾಳಿಯಲ್ಲಿ ಒತ್ತಡ ಹೇಳುತ್ತೀರಿ, ಹರಿವು ಎಷ್ಟು ಅನ್ನುವುದು ಕಾಲುವೆಗೆ ಬಿಟ್ಟದ್ದು. ಮುಂದಿನ ಮುಕ್ಕಾಲು ಪಾಲು ಪ್ರಶ್ನೆಗಳಿಗೆ ಇದೇ ಉತ್ತರ, ನೋಡ್ತಾ ಇರಿ.

ಈಗ ಮೇಡಂ ಮಾತಿಗೆ ಬರೋಣ. ಸ್ಟೆಪ್ಪರ್ ಮೋಟರ್ ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ. ಹರಿವು ಜಾಸ್ತಿ ಇದ್ದಾಗ ಗೊತ್ತಾಗುವುದಿಲ್ಲ. ನಿಮಿಷಕ್ಕೆ ಒಂದು ಮೈಕ್ರೋಲೀಟರಿನ (ಮಿಲಿಲೀಟರಿನ ಸಾವಿರದಲ್ಲೊಂದು ಪಾಲು) ಆಸುಪಾಸಿಗೆ ಇಳಿಸಿ, ಅದೂ ದಪ್ಪ ಸಿರಿಂಜಿನಲ್ಲಿ, ಆಗ ಮೈಕ್ರೋಸ್ಕೋಪಿನಲ್ಲಿ ದ್ರವ ಕುಂಟುತ್ತಾ ನಡೆಯುವುದು ಕಾಣುತ್ತದೆ. ಇನ್ನೊಂದು ತೊಂದರೆ ನಿಧಾನ. ಟ್ಯೂಬಿನಲ್ಲಿ ಎಲ್ಲೋ ಹತ್ತು ಮೈಕ್ರೋಲೀಟರಿನ ಗಾಳಿಗುಳ್ಳೆ ಕೂತಿದೆ ಅಂದುಕೊಳ್ಳಿ, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಒತ್ತಡ ನೂರು ಮಿಲಿಬಾರ್ (ಸಾವಿರ ಮಿಲಿಬಾರ್ ಸೇರಿದರೆ ಒಂದು ಬಾರ್, ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯಷ್ಟು ಒತ್ತಡ) ಏರಬೇಕಾದರೆ ಆ ಗುಳ್ಳೆ ಸುಮಾರು ಒಂದು ಮೈಕ್ರೋಲೀಟರ್ ಕುಗ್ಗಬೇಕು. ನಿಮ್ಮ ಪಂಪ್ ನಿಮಿಷಕ್ಕೆ ತಳ್ಳುವುದೇ ಒಂದು ಮೈಕ್ರೋಲೀಟರ್! ಅಂದರೆ ಮೊದಲ ನಿಮಿಷದಲ್ಲಿ ತಳ್ಳಿದ್ದರಲ್ಲಿ ಬಹುಪಾಲು ಆ ಗುಳ್ಳೆಯನ್ನು ಅಮುಕುವುದಕ್ಕೇ ಹೋಯಿತು. ಪಂಪ್ ನಿಲ್ಲಿಸಿದ ಮೇಲೂ ಹಾಗೇ, ಗುಳ್ಳೆ ಮತ್ತೆ ಹಿಗ್ಗುತ್ತಾ ದ್ರವವನ್ನು ತಳ್ಳುತ್ತಲೇ ಇರುತ್ತದೆ, ನೀವು ಸ್ವಿಚ್ ಆಫ್ ಮಾಡಿ ಕಾಫಿಗೆ ಹೋಗಿ ಬಂದರೂ ಕಾಲುವೆ ಹರಿಯುತ್ತಿರುತ್ತದೆ. ಗಾಳಿಯಲ್ಲಿ ಒತ್ತಡ ಬದಲಿಸಿದರೆ ಸೆಕೆಂಡಿನೊಳಗೆ ಹರಿವು ಬದಲಾಗುತ್ತದೆ. ಬಾಟಲಿ ಮಾತ್ರ ಸಣ್ಣದಿರಬೇಕು. ಒಂದು ಲೀಟರ್ ಬಾಟಲಿಯಲ್ಲಿ ಎರಡು ಚಮಚ ದ್ರವ ಇಟ್ಟರೆ ಖಾಲಿ ಜಾಗಕ್ಕೆ ಗಾಳಿ ತುಂಬುವುದರಲ್ಲೇ ಹೊತ್ತು ಹೋಗುತ್ತದೆ.

ಬಾಟಲಿ ಅಂದೆ, ಅದರ ವ್ಯವಸ್ಥೆ ಹೇಳಿಬಿಡುತ್ತೇನೆ. ಮುಚ್ಚಳಕ್ಕೆ ಎರಡು ತೂತು. ಗಾಳಿಯ ಟ್ಯೂಬು ಮುಚ್ಚಳದ ಹತ್ತಿರವೇ ನಿಲ್ಲಬೇಕು, ದ್ರವಕ್ಕೆ ತಾಗಬಾರದು. ದ್ರವದ ಟ್ಯೂಬು ತಳ ಮುಟ್ಟಬೇಕು. ಗಾಳಿ ಮೇಲಿಂದ ಒತ್ತಿದರೆ ದ್ರವಕ್ಕೆ ಇರುವುದು ಅದೊಂದೇ ದಾರಿ. ಸೋರಿಕೆ ಪರೀಕ್ಷೆಗೆ ಗ್ಯಾಸ್ ಸಿಲಿಂಡರಿಗೆ ಹಚ್ಚುವ ಹಾಗೆ ಸೋಪಿನ ನೀರು ಹಚ್ಚಿ.

ಒಂದು ಲೆಕ್ಕ. ಕಾಲುವೆ 100 ಮೈಕ್ರಾನ್ (ಮಿಲಿಮೀಟರಿನ ಹತ್ತರಲ್ಲೊಂದು) ಅಗಲ, 50 ಮೈಕ್ರಾನ್ ಎತ್ತರ, 1 ಸೆಂಟಿಮೀಟರ್ ಉದ್ದ. ನೀರು ಬಿಟ್ಟು 100 ಮಿಲಿಬಾರ್ ಒತ್ತಿದರೆ ನಿಮಿಷಕ್ಕೆ ಸುಮಾರು 40 ಮೈಕ್ರೋಲೀಟರ್, ಅಂದರೆ ಒಂದು ಹನಿಗೂ ಸ್ವಲ್ಪ ಕಡಿಮೆ. ಅದೇ ಕಾಲುವೆಯ ಎತ್ತರ 25ಕ್ಕೆ ಇಳಿಸಿದರೆ ಹರಿವು ಅರ್ಧ ಆಗುತ್ತದೆ ಅನ್ನುತ್ತೀರಾ? ಇಲ್ಲ, ಆರರಲ್ಲೊಂದು ಪಾಲಿಗೆ ಬೀಳುತ್ತದೆ. ದುಂಡು ಪೈಪಾದರೆ ಇನ್ನೂ ಮೋಸ, ವ್ಯಾಸ ಅರ್ಧ ಆದರೆ ಹರಿವು ಹದಿನಾರರಲ್ಲೊಂದು. ಅದಕ್ಕೇ ಕಾಲುವೆಯಲ್ಲಿ ಒಂದು ಧೂಳಿನ ಕಣ ಕೂತರೂ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಹಾಗಂತ ಸಿರಿಂಜ್ ಪಂಪನ್ನು ಗುಜರಿಗೆ ಹಾಕಬೇಡಿ. ಒಟ್ಟು ಇಷ್ಟೇ ಔಷಧಿ ಹೋಗಬೇಕು ಅಂತ ಅಳತೆ ಇದ್ದರೆ, ನಿಧಾನವಾದರೂ ಪರವಾಗಿಲ್ಲ ಅಂದರೆ, ಅದೇ ವಾಸಿ. ಬೇಗ ಬೇಗ ಬದಲಿಸುವ ಕೆಲಸ, ಒಂದೇ ಸಮ ಹರಿಯಬೇಕಾದ ಕೆಲಸ ಗಾಳಿಗೆ ಕೊಡಿ.

ನನ್ನದು ಸಣ್ಣ ವರ್ಕ್‌ಶಾಪ್. ಏಳು ಬಾರ್ ಕಂಪ್ರೆಸರ್ ದಿನವಿಡೀ ಓಡುತ್ತದೆ. ಮಗಳು ಇದೇ ವಿಷಯದಲ್ಲಿ ಪ್ರಾಜೆಕ್ಟ್ ಮಾಡುತ್ತಿದ್ದಾಳೆ. ಅದರಿಂದಲೇ ಒಂದು ಲೈನ್ ಎಳೆದು ಕೊಡಲೇ?
— ಓದುಗರು, ಪೀಣ್ಯ ಎರಡನೇ ಹಂತ

ಕೊಡಿ ಸಾರ್, ಆದರೆ ಸ್ವಲ್ಪ ನಿಲ್ಲಿ. ನಿಮ್ಮ ಗೋಡೆಯ ಮೇಲೆ ಎಫ್‌ಆರ್‌ಎಲ್ ಇರುತ್ತದಲ್ಲ, ಫಿಲ್ಟರ್, ರೆಗ್ಯುಲೇಟರ್, ಲೂಬ್ರಿಕೇಟರ್, ಆ ಮೂರನೆಯದು ಬೇಡವೇ ಬೇಡ. ನಿಮ್ಮ ಸಿಲಿಂಡರುಗಳಿಗೆ ಎಣ್ಣೆ ಮಂಜು ಬೇಕು, ಚಿಪ್ಪಿಗೆ ಅದು ವಿಷ. ನಾನು ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಒಂದು ಕಡೆ ಕೆಲಸ ಮಾಡುತ್ತಿದ್ದಾಗ ಪಕ್ಕದ ವರ್ಕ್‌ಶಾಪಿನ ಲೈನಿಗೇ ಟೀ (ಇಂಗ್ಲಿಷಿನ T ಆಕಾರದ ಮೂರು ಬಾಯಿಯ ಜೋಡಣೆ) ಹಾಕಿ ಗಾಳಿ ತಗೊಂಡಿದ್ದೆವು. ಎರಡು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಕಾಲುವೆಯ ಗೋಡೆಗೆ ಸಣ್ಣ ಸಣ್ಣ ಹೊಳೆಯುವ ಚುಕ್ಕಿಗಳು ಅಂಟಲು ಶುರುವಾದವು, ನೀರು ಅವನ್ನು ಸುತ್ತಿಕೊಂಡು ಹೋಗುತ್ತಿತ್ತು. ಜೀವಕೋಶ ಇರಬಹುದು ಅಂತ ಮೂರು ದಿನ ಖುಷಿಪಟ್ಟೆವು. ಕೊನೆಗೆ ಗಾಳಿ ಟ್ಯೂಬಿನ ತುದಿಗೆ ಟಿಶ್ಯೂ ಕಾಗದ ಹಿಡಿದರೆ ಬೋಂಡಾ ಇಟ್ಟ ಹಾಗೆ ಕಲೆ! ಹನ್ನೊಂದು ಚಿಪ್ ಕಸದ ಬುಟ್ಟಿಗೆ.

ಹಾಗಾಗಿ ಲೂಬ್ರಿಕೇಟರಿಗೆ ಮುಂಚೆಯೇ ಲೈನ್ ಕವಲೊಡೆಸಿ. ಕಂಪ್ರೆಸರಿನಿಂದಲೇ ಬರುವ ಅಲ್ಪಸ್ವಲ್ಪ ಎಣ್ಣೆ ಹಿಡಿಯಲು ಸೂಕ್ಷ್ಮ ಫಿಲ್ಟರ್ ಒಂದು ಹಾಕಿ. ಮಳೆಗಾಲದಲ್ಲಿ ಟ್ಯಾಂಕಿನ ತಳದ ನೀರನ್ನು ದಿನಾ ಬಿಡಿ, ಅದು ನಿಮಗೆ ಹೇಳಿಕೊಡಬೇಕಾಗಿಲ್ಲ.

ಎರಡನೆಯ ಮಾತು ಅಳತೆಯದು. ನಿಮ್ಮ ರೆಗ್ಯುಲೇಟರ್ ಹತ್ತು ಬಾರಿನ ಡಯಲಿನದು. ಮಗಳಿಗೆ ಬೇಕಾದದ್ದು 50 ಮಿಲಿಬಾರ್, 100 ಮಿಲಿಬಾರ್. ಆ ಡಯಲಿನಲ್ಲಿ ಮುಳ್ಳಿನ ದಪ್ಪವೇ ಅಷ್ಟಿರುತ್ತದೆ. ಏಳನ್ನು ಮೊದಲು ಎರಡಕ್ಕೆ ಇಳಿಸಿ, ಆಮೇಲೆ ಒಂದು ಬಾರ್ ಒಳಗಿನ ನಿಖರ ರೆಗ್ಯುಲೇಟರಿಗೆ ಕೊಡಿ. ಹೀಗೆ ಎರಡು ಮೆಟ್ಟಿಲು ಮಾಡಿದರೆ ಇನ್ನೊಂದು ಲಾಭ ಇದೆ. ನಿಮ್ಮ ಕಂಪ್ರೆಸರ್ ಆನ್ ಆಗಿ ಆಫ್ ಆಗುವ ಏರಿಳಿತ ಚಿಪ್ಪಿನವರೆಗೆ ಬರುವುದಿಲ್ಲ. ಗಾಳಿ ಬಿಡುವ ಮುಂಚೆ ರೆಗ್ಯುಲೇಟರಿನ ಗುಂಡಿ ಪೂರ್ತಿ ಸಡಿಲ ಇದೆಯಾ ಅಂತ ನೋಡುವುದನ್ನು ಮಗಳಿಗೆ ಅಭ್ಯಾಸ ಮಾಡಿಸಿ. ನಾನು ಒಮ್ಮೆ ಮರೆತು ಟ್ಯೂಬು ಕಿತ್ತುಕೊಂಡು ಹೋಗಿ ಬಿಳಿ ಅಂಗಿಯ ಮೇಲೆ ನೀಲಿ ಹೋಳಿ ಆಡಿದ್ದೆ. ಗಾಜಿನ ಬಾಟಲಿಯಾದರೆ ಕನ್ನಡಕ ಕಡ್ಡಾಯ, ಅದರಲ್ಲಿ ತಮಾಷೆ ಇಲ್ಲ.

ಇಷ್ಟೆಲ್ಲ ಬೇಡ ಅಂದರೆ ಒಂದು ಬಡವರ ದಾರಿ ಇದೆ. ಅಕ್ವೇರಿಯಂ ಪಂಪ್ ತನ್ನಿ, ಅದರ ಲೈನಿಗೆ ಒಂದು ಟೀ ಹಾಕಿ. ಒಂದು ಕವಲು ಬಾಟಲಿಗೆ. ಇನ್ನೊಂದು ಕವಲಿನ ತುದಿಯನ್ನು ಉದ್ದನೆಯ ಪೈಪಿನಲ್ಲಿ ತುಂಬಿದ ನೀರಿನೊಳಗೆ 50 ಸೆಂಟಿಮೀಟರ್ ಆಳಕ್ಕೆ ಬಿಡಿ. ಹೆಚ್ಚಾದ ಗಾಳಿ ಗುಳುಗುಳು ಅಂತ ಅಲ್ಲಿಂದ ಹೋಗುತ್ತದೆ, ಬಾಟಲಿಯಲ್ಲಿ ಉಳಿಯುವ ಒತ್ತಡ ಸುಮಾರು 50 ಮಿಲಿಬಾರ್. ಒಂದು ಸೆಂಟಿಮೀಟರ್ ನೀರಿಗೆ ಹೆಚ್ಚುಕಡಿಮೆ ಒಂದು ಮಿಲಿಬಾರ್, ನೆನಪಿಡಲು ಇಷ್ಟು ಸುಲಭದ ಲೆಕ್ಕ ಬೇರೆ ಇಲ್ಲ. ಗುಳ್ಳೆ ಹೋಗುವಾಗ ಒತ್ತಡ ಚೂರು ನಡುಗುತ್ತದೆ, ಪ್ರಾಜೆಕ್ಟಿಗೆ ಸಾಕು.

ವೈ ಆಕಾರದ ಚಿಪ್. ಒಂದು ಬಾಯಿಗೆ ಕೆಂಪು ಶಾಯಿ, ಇನ್ನೊಂದಕ್ಕೆ ನೀಲಿ. ಕೆಂಪಿಗೆ 100 ಮಿಲಿಬಾರ್, ನೀಲಿಗೆ 40 ಕೊಟ್ಟೆ. ನೀಲಿ ಕಡಿಮೆ ಬರಬೇಕಿತ್ತು, ಸರಿ. ಬರಲೇ ಇಲ್ಲ! ಬದಲಿಗೆ ಕೆಂಪು ಶಾಯಿ ನೀಲಿ ಬಾಟಲಿಗೆ ಹೋಗಿ ಸೇರಿದೆ. ಚಿಪ್ ಕೆಟ್ಟಿದೆಯಾ?
— ಡಿಪ್ಲೊಮಾ ವಿದ್ಯಾರ್ಥಿ, ರಾಜಾಜಿನಗರ

ಚಿಪ್ ಸರಿಯಾಗಿದೆ, ನೀವು ಕೊಟ್ಟ ನಂಬರ್ ತಪ್ಪು. ವೈ ಕೂಡುವ ಜಾಗದಲ್ಲಿ ಎಷ್ಟು ಒತ್ತಡ ಇದೆ ಅಂತ ಯೋಚಿಸಿ. ಮೂರು ಕೈಗಳೂ ಒಂದೇ ಉದ್ದ ಒಂದೇ ಅಗಲ ಇದ್ದರೆ ಲೆಕ್ಕ ಸುಲಭ. ಕೆಂಪಿನ 100, ನೀಲಿಯ 40, ಹೊರಗಿನ ಬಾಯಿಯ ಸೊನ್ನೆ, ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ ಸುಮಾರು 47. ಕೂಡುವ ಜಾಗದಲ್ಲಿ 47 ಇದೆ, ನೀಲಿ ಬಾಟಲಿಯಲ್ಲಿ 40 ಇದೆ. ನೀರು ಯಾವ ಕಡೆ ಹೋಗುತ್ತದೆ, ನೀವೇ ಹೇಳಿ. ಹೀಗೆ ಮೂರೂ ಕೈ ಸಮ ಇದ್ದಾಗ ಕಡಿಮೆಯವನ ಒತ್ತಡ ಜಾಸ್ತಿಯವನ ಅರ್ಧಕ್ಕಿಂತ ಮೇಲಿರಲೇಬೇಕು. 55 ಕೊಟ್ಟು ನೋಡಿ, ಕೆಂಪಿನ ಪಕ್ಕ ನೀಲಿ ಸಣ್ಣ ಎಳೆಯಾಗಿ ಬರುತ್ತದೆ.

ಗ್ಲೂಕೋಸ್ ಬಾಟಲಿಯನ್ನು ಕೈಗಿಂತ ಕೆಳಗೆ ಇಳಿಸಿದರೆ ಟ್ಯೂಬಿನಲ್ಲಿ ರಕ್ತ ವಾಪಸ್ ಏರುವುದನ್ನು ಆಸ್ಪತ್ರೆಯಲ್ಲಿ ನೋಡಿರಬಹುದು. ಅದೂ ಇದೇ. ಸಿರಿಂಜ್ ಪಂಪಿನಲ್ಲಿ ಈ ತಲೆನೋವು ಇಲ್ಲ, ತಿರುಪು ಹಿಂದಕ್ಕೆ ತಿರುಗುವುದಿಲ್ಲವಲ್ಲ.

ಸರಿಯಾಗಿ ಬಂದ ಮೇಲೆ ಒಂದು ಕ್ಷಣ ಕಣ್ಣಿಟ್ಟು ನೋಡಿ. ಕೆಂಪು, ನೀಲಿ ಎರಡೂ ಒಂದೇ ಕಾಲುವೆಯಲ್ಲಿ ಅಂಟಿಕೊಂಡೇ ಹರಿಯುತ್ತವೆ, ಕಲೆಯುವುದಿಲ್ಲ. ನಡುವೆ ಗೆರೆ ಎಳೆದ ಹಾಗಿರುತ್ತದೆ, ಕೊನೆಕೊನೆಗೆ ಮಾತ್ರ ಆ ಗೆರೆ ಸ್ವಲ್ಪ ನೇರಳೆಯಾಗಿ ಮಸುಕಾಗುತ್ತದೆ. ಇಷ್ಟು ಸಣ್ಣ ಜಾಗದಲ್ಲಿ ನೀರಿಗೆ ಸುಳಿ ತಿರುಗಲು ಆಗುವುದಿಲ್ಲ. ಈಗ ನೀಲಿಯ ಒತ್ತಡ 55ರಿಂದ 80ಕ್ಕೆ ಏರಿಸಿ. ಗೆರೆ ನಿಮ್ಮ ಕಣ್ಣೆದುರೇ ಕೆಂಪಿನ ಕಡೆಗೆ ಸರಿಯುತ್ತದೆ. ನಾನು ಮೊದಲ ಸಲ ಇದನ್ನು ನೋಡಿದ ದಿನ ಊಟ ಮರೆತಿದ್ದೆ.

ನಾನು ನರ್ಸ್. ಚಿಪ್ಪಿನೊಳಗೆ ವಾಲ್ವ್ ಕೂಡ ಇರುತ್ತದೆ, ಅದನ್ನೂ ಗಾಳಿಯೇ ಮುಚ್ಚುತ್ತದೆ ಅಂತ ಡಾಕ್ಟರೊಬ್ಬರು ಹೇಳಿದರು. ಕೂದಲಿನಷ್ಟು ಜಾಗದಲ್ಲಿ ವಾಲ್ವ್ ಹೇಗೆ ಕೂರಿಸುತ್ತಾರೆ?
— ಓದುಗರು, ಜಯನಗರ ಒಂಬತ್ತನೇ ಬ್ಲಾಕ್

ಸಿಸ್ಟರ್, ಈ ವಾಲ್ವನ್ನು ನೀವು ದಿನಕ್ಕೆ ಐವತ್ತು ಸಲ ಬಳಸುತ್ತೀರಿ. ಬಿಪಿ ಪಟ್ಟಿ! ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರೆ ರಕ್ತನಾಳ ಚಪ್ಪಟೆಯಾಗಿ ರಕ್ತ ನಿಲ್ಲುತ್ತದೆ, ಗಾಳಿ ಬಿಟ್ಟರೆ ಮತ್ತೆ ಹರಿಯುತ್ತದೆ. ಗಾಳಿ ರಕ್ತಕ್ಕೆ ತಾಗಲಿಲ್ಲ, ನಡುವೆ ಚರ್ಮ, ಮಾಂಸ ಇವೆ. ಚಿಪ್ಪಿನಲ್ಲೂ ಹಾಗೇ. ಒಂದು ಪದರದಲ್ಲಿ ದ್ರವದ ಕಾಲುವೆ, ಅದರ ಮೇಲಿನ ಪದರದಲ್ಲಿ ಅಡ್ಡಲಾಗಿ ಗಾಳಿಯ ಕಾಲುವೆ. ಎರಡೂ ಹಾಯುವ ಜಾಗದಲ್ಲಿ ನಡುವೆ ತೆಳ್ಳನೆ ರಬ್ಬರ್ ಪೊರೆ. ಮೇಲೆ ಗಾಳಿ ಒತ್ತಿದರೆ ಪೊರೆ ಕೆಳಗೆ ಉಬ್ಬಿ ದಾರಿ ಮುಚ್ಚುತ್ತದೆ. ರಕ್ತದ 120ರ ಒತ್ತಡವನ್ನು ತಡೆಯಲು ನಿಮ್ಮ ಪಟ್ಟಿ 120 ದಾಟಬೇಕು ತಾನೆ? ಇಲ್ಲೂ ಗಾಳಿಯ ಒತ್ತಡ ಕೆಳಗಿನ ದ್ರವದ ಒತ್ತಡಕ್ಕಿಂತ ಜಾಸ್ತಿ ಇರಬೇಕು, ಜೊತೆಗೆ ಪೊರೆಯ ಬಿಗಿಯನ್ನೂ ಗೆಲ್ಲಬೇಕು. ಅಂದಹಾಗೆ ನಿಮ್ಮ 120 ಅಂದರೆ ನಮ್ಮ ಲೆಕ್ಕದಲ್ಲಿ 160 ಮಿಲಿಬಾರ್. ಚಿಪ್ಪಿನ ವಾಲ್ವಿಗೆ ಸಾಮಾನ್ಯವಾಗಿ ಒಂದರಿಂದ ಎರಡು ಬಾರ್ ಕೊಡುತ್ತಾರೆ.

ಇದನ್ನು 2000ನೇ ಇಸವಿಯಲ್ಲಿ ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಸ್ಟೀಫನ್ ಕ್ವೇಕ್ ಮತ್ತು ಅವರ ತಂಡದವರು ಮಾಡಿ ತೋರಿಸಿದರು. ಈಗಲೂ ಎಲ್ಲರೂ ಕ್ವೇಕ್ ವಾಲ್ವ್ ಅಂತಲೇ ಕರೆಯುತ್ತಾರೆ. ಮೂರು ವಾಲ್ವನ್ನು ಸಾಲಾಗಿ ಇಟ್ಟು ಒಂದಾದ ಮೇಲೊಂದು ಮುಚ್ಚಿದರೆ ಅದೇ ಪಂಪ್ ಆಗುತ್ತದೆ. ಹಸು ಕರೆಯುವಾಗ ಹೆಬ್ಬೆರಳು ತೋರುಬೆರಳು ಮೇಲೆ ಮುಚ್ಚಿ, ಮಿಕ್ಕ ಬೆರಳು ಒಂದೊಂದಾಗಿ ಒತ್ತುತ್ತಾ ಕೆಳಗೆ ಬರುವುದಿಲ್ಲವೇ, ಹಾಗೆ.

ರಬ್ಬರ್ ಅಂದೆನಲ್ಲ, ಅದರ ಹೆಸರು ಪಿಡಿಎಂಎಸ್. ಜೇನುತುಪ್ಪದಂಥ ದ್ರವ, ಹತ್ತು ಪಾಲಿಗೆ ಒಂದು ಪಾಲು ಗಟ್ಟಿ ಮಾಡುವ ಮದ್ದು ಬೆರೆಸಿ ಅಚ್ಚಿಗೆ ಹೊಯ್ದು 70 ಡಿಗ್ರಿ ಓವನ್ನಿನಲ್ಲಿ ಕೆಲವು ಗಂಟೆ ಇಟ್ಟರೆ ಜೆಲ್ಲಿಯ ಹಾಗೆ ಎದ್ದು ಬರುತ್ತದೆ. ಅಚ್ಚು ಮಾಡುವುದೇ ಕಷ್ಟ, ಅದಕ್ಕೆ ಧೂಳು ಸುಳಿಯದ ಕ್ಲೀನ್ ರೂಮ್ ಬೇಕು. ನಮ್ಮೂರಲ್ಲೇ ಐಐಎಸ್‌ಸಿಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ಅಂಥದ್ದಿದೆ. ಒಂದು ಸೂಕ್ಷ್ಮ ಇದೆ ನೋಡಿ. ಕಾಲುವೆಯ ಅಚ್ಚು ಚೌಕ ಇದ್ದರೆ ಪೊರೆ ಎಷ್ಟು ಒತ್ತಿದರೂ ಎರಡು ಮೂಲೆಗಳಲ್ಲಿ ಸಂದಿ ಉಳಿದು ಸೋರುತ್ತದೆ. ದ್ರವದ ಕಾಲುವೆ ಬಿಲ್ಲಿನ ಹಾಗೆ ದುಂಡಗಿರಬೇಕು, ಆಗ ಪೂರ್ತಿ ಮುಚ್ಚುತ್ತದೆ. ಹೊಸಬರು ತಿಂಗಳುಗಟ್ಟಲೆ ಕಳೆದುಕೊಳ್ಳುವುದು ಇಲ್ಲೇ.

ಇನ್ನೊಂದು ವಿಚಿತ್ರ ಹೇಳುತ್ತೇನೆ. ಗಾಳಿಯ ಕಾಲುವೆ ಅಂತ ಹೆಸರೇನೋ ಇದೆ, ಆದರೆ ತಿಳಿದವರು ಅದರೊಳಗೆ ನೀರು ತುಂಬುತ್ತಾರೆ! ಪಿಡಿಎಂಎಸ್ ಮೂಲಕ ಗಾಳಿ ನುಸುಳುತ್ತದೆ. ಒಂದೂವರೆ ಬಾರ್ ಗಾಳಿ ಗಂಟೆಗಟ್ಟಲೆ ಪೊರೆಯ ಮೇಲೆ ಕೂತರೆ ಕೆಳಗಿನ ದ್ರವದಲ್ಲಿ ಗುಳ್ಳೆ ಏಳುತ್ತದೆ. ಅದಕ್ಕೆ ತುದಿ ಮುಚ್ಚಿದ ಆ ಕಾಲುವೆಗೆ ಟ್ಯೂಬಿನಿಂದ ಒಂದಿಷ್ಟು ನೀರು ಬಿಟ್ಟು ಹಿಂದಿನಿಂದ ಗಾಳಿ ಒತ್ತುತ್ತಾರೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನೀರಿನ ಅಂಚು ಬಸವನಹುಳುವಿನ ಹಾಗೆ ಮುಂದೆ ತೆವಳುತ್ತದೆ, ಎದುರಿನ ಗಾಳಿಗೆ ಹೋಗಲು ದಾರಿಯೇ ಇಲ್ಲ, ಆದರೂ ರಬ್ಬರಿನ ಮೂಲಕ ಸೋರಿ ಮಾಯ. ಕೆಲವೇ ನಿಮಿಷಕ್ಕೆ ಕಾಲುವೆ ತುಂಬಿ ಆ ಕಪ್ಪು ಅಂಚು ಕಾಣದಾಗುತ್ತದೆ. ಆಮೇಲೆ ಗಾಳಿ ನೀರನ್ನು ಒತ್ತುತ್ತದೆ, ನೀರು ಪೊರೆಯನ್ನು ಒತ್ತುತ್ತದೆ.

ಗಾಳಿ ಬಿಡುವುದು ನಿಲ್ಲಿಸುವುದು ಹೊರಗಿನ ಸೊಲೆನಾಯ್ಡ್ ವಾಲ್ವ್, ಅಂದರೆ ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್. ಎಸ್.ಪಿ. ರಸ್ತೆಯಲ್ಲಿ ಕೊಳ್ಳುವವರು ಮೂರು ಬಾಯಿಯದನ್ನೇ ಕೇಳಿ. ಎರಡು ಬಾಯಿಯದ್ದು ಗಾಳಿ ಬರುವುದನ್ನು ನಿಲ್ಲಿಸುತ್ತದೆ, ಒಳಗೆ ಹೋದ ಗಾಳಿಗೆ ಹೊರಗೆ ದಾರಿ ಕೊಡುವುದಿಲ್ಲ, ಚಿಪ್ಪಿನ ವಾಲ್ವ್ ಮುಚ್ಚಿಯೇ ಇರುತ್ತದೆ. ಬಿಪಿ ಪಟ್ಟಿಯ ತಿರುಪು ಬಿಚ್ಚದೆ ಹೊರಟುಹೋದ ಹಾಗೆ. ಹಾಗಾದರೆ ಸಾವಿರ ಕಾಲುವೆಗೆ ಸಾವಿರ ಟ್ಯೂಬು ಬೇಕಾ? ಬೇಡ. ಪ್ರತಿ ಕಾಲುವೆಗೂ ಸೊನ್ನೆ-ಒಂದರ ಒಂದು ವಿಳಾಸ ಕೊಟ್ಟು, ವಿಳಾಸದ ಒಂದೊಂದು ಅಂಕಿಗೆ ಎರಡೆರಡು ಗಾಳಿ ಲೈನ್ ಇಟ್ಟರೆ ಹತ್ತು ಅಂಕಿಗೆ 20 ಲೈನ್ ಆಯಿತು. ಅಷ್ಟರಲ್ಲಿ 1024 ಕಾಲುವೆಗಳಲ್ಲಿ ಬೇಕಾದ ಒಂದನ್ನು ಮಾತ್ರ ತೆರೆಯಬಹುದು. 2002ರಲ್ಲಿ ಅದೇ ಕ್ವೇಕ್ ತಂಡ ಈ ಉಪಾಯದಿಂದ ಸಾವಿರಾರು ವಾಲ್ವ್‌ಗಳ ಚಿಪ್ ಮಾಡಿತು.

ಬೆಳಿಗ್ಗೆ ಹರಿವು ಸರಿ ಮಾಡಿ ಇಟ್ಟರೆ ಮಧ್ಯಾಹ್ನಕ್ಕೆ ಜಾಸ್ತಿಯಾಗಿರುತ್ತದೆ. ಒತ್ತಡದ ಮೀಟರ್ ಒಂದು ಚೂರೂ ಅಲ್ಲಾಡಿಲ್ಲ. ನಮ್ಮ ಲ್ಯಾಬಿನಲ್ಲಿ ಎಸಿ ಇಲ್ಲ.
— ಸಂಶೋಧನಾ ವಿದ್ಯಾರ್ಥಿ, ಯಲಹಂಕ

ಕೊನೆಯ ವಾಕ್ಯದಲ್ಲಿ ನೀವೇ ಉತ್ತರ ಬರೆದಿದ್ದೀರಿ. ಬಿಸಿಯಾದಷ್ಟೂ ನೀರು ತೆಳುವಾಗುತ್ತದೆ. ತುಪ್ಪ, ಎಣ್ಣೆಯಲ್ಲಿ ಇದು ಕಣ್ಣಿಗೆ ಕಾಣುತ್ತದೆ, ನೀರಿನಲ್ಲಿ ಕಾಣುವುದಿಲ್ಲ ಅಷ್ಟೇ. 20 ಡಿಗ್ರಿಯಿಂದ 30ಕ್ಕೆ ಹೋದರೆ ನೀರಿನ ಸ್ನಿಗ್ಧತೆ ಐದರಲ್ಲೊಂದು ಪಾಲು ಇಳಿಯುತ್ತದೆ, ಅಂದರೆ ಅದೇ ಒತ್ತಡಕ್ಕೆ ಹರಿವು ಶೇಕಡ 25ರಷ್ಟು ಏರುತ್ತದೆ. ಮಾರ್ಚ್ ತಿಂಗಳ ಬೆಂಗಳೂರಿನಲ್ಲಿ ಬೆಳಿಗ್ಗೆ ಎಂಟಕ್ಕೂ ಮಧ್ಯಾಹ್ನ ಮೂರಕ್ಕೂ ಅಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಟ್ಯೂಬಿನ ನಡುವೆ ಒಂದು ಫ್ಲೋ ಸೆನ್ಸರ್ ಹಾಕಿ, ಅದು ಹೇಳಿದಂತೆ ಒತ್ತಡವನ್ನು ಏರಿಸಿ ಇಳಿಸುವ ಪ್ರೋಗ್ರಾಂ ಬರೆಯಿರಿ. ದುಡ್ಡಿಲ್ಲ ಅಂದರೆ ಚಿಪ್ಪನ್ನೂ ಟ್ಯೂಬನ್ನೂ ಥರ್ಮೋಕೋಲ್ ಡಬ್ಬಿಯಲ್ಲಿ ಇಡಿ, ಥರ್ಮಾಮೀಟರ್ ನೋಡಿ ಬರೆದುಕೊಳ್ಳಿ.

ಹರಿವು ಮಧ್ಯಾಹ್ನಕ್ಕೆ ಕಡಿಮೆಯಾಗುತ್ತಿದ್ದರೆ ಬೇರೆ ಅನುಮಾನ ಪಡಬೇಕಿತ್ತು: ಕಸ, ಗುಳ್ಳೆ, ಅಥವಾ ಬಾಟಲಿಯಲ್ಲಿ ದ್ರವ ಇಳಿದಿರುವುದು. ಐದು ಸೆಂಟಿಮೀಟರ್ ಇಳಿದರೆ ಐದು ಮಿಲಿಬಾರ್ ಹೋಯಿತು. 200ರಲ್ಲಿ ಐದು ಲೆಕ್ಕಕ್ಕಿಲ್ಲ, 20ರಲ್ಲಿ ಐದು ಕಾಲುಭಾಗ.

ಗುಳ್ಳೆ, ಗುಳ್ಳೆ, ಗುಳ್ಳೆ. ಏನು ಮಾಡಲಿ?
— ಸಹಿ ಇಲ್ಲ, ಊರೂ ಇಲ್ಲ

ನಿಮ್ಮ ಕಷ್ಟ ನನಗೆ ಗೊತ್ತು. ಗೋಲಿ ಸೋಡಾ ಗೋಲಿ ಒತ್ತಿದ ಕೂಡಲೇ ಬುಸ್ ಅನ್ನುವುದು ಯಾಕೆ? ಒತ್ತಡದಲ್ಲಿ ನೀರಿಗೆ ಸೇರಿದ್ದ ಅನಿಲ, ಒತ್ತಡ ಹೋದ ಕೂಡಲೇ ಹೊರಗೆ ಬರುತ್ತದೆ. ನಿಮ್ಮ ಬಾಟಲಿಯಲ್ಲೂ ಗಾಳಿ ದಿನವಿಡೀ ದ್ರವದ ಮೇಲೆ ಒತ್ತುತ್ತಾ ಅದರೊಳಗೆ ಸೇರುತ್ತಿರುತ್ತದೆ, ಕಾಲುವೆಯ ಕೊನೆಗೆ ಬರುವ ಹೊತ್ತಿಗೆ ಒತ್ತಡ ಇಳಿದಿರುತ್ತದೆ. ಫ್ರಿಜ್ಜಿನಿಂದ ತೆಗೆದ ದ್ರವವನ್ನು ನೇರ ಬಿಟ್ಟರೆ ಇನ್ನೂ ಕಷ್ಟ, ತಣ್ಣನೆಯ ನೀರು ಜಾಸ್ತಿ ಗಾಳಿ ಹಿಡಿದಿರುತ್ತದೆ, ಬೆಚ್ಚಗಾದಂತೆ ಬಿಡುತ್ತದೆ. ಮೊದಲು ದ್ರವ ರೂಮಿನ ಬಿಸಿಗೆ ಬರಲಿ, ವ್ಯಾಕ್ಯೂಮಿನಲ್ಲಿ ಹದಿನೈದು ನಿಮಿಷ ಇಟ್ಟು ಗಾಳಿ ತೆಗೆಯಿರಿ, ಒಂದೊಂದು ದಿನಕ್ಕೆ ಬೇಕಾದಷ್ಟೇ ಬಾಟಲಿಗೆ ಹಾಕಿ. ಈಗಾಗಲೇ ಗುಳ್ಳೆ ಕೂತಿದೆಯಾ? ಚಿಪ್ ಪಿಡಿಎಂಎಸ್‌ದಾದರೆ ಹೊರಬಾಯಿ ಮುಚ್ಚಿ 200-300 ಮಿಲಿಬಾರ್ ಕೊಟ್ಟು ಬಿಟ್ಟುಬಿಡಿ. ಗುಳ್ಳೆ ರಬ್ಬರಿನ ಮೂಲಕ ತಾನೇ ಹೋಗುತ್ತದೆ. ಬೆರಳಿನಿಂದ ಚಿಪ್ ತಟ್ಟಬೇಡಿ, ಒಂದು ಗುಳ್ಳೆ ನಾಲ್ಕಾಗುತ್ತದೆ.

ನಾನು ನಿವೃತ್ತ ಭೌತಶಾಸ್ತ್ರ ಮೇಷ್ಟ್ರು. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲಿದೆ, ಇಲ್ಲಿ ವಾಯುಭಾರ ಕಡಿಮೆ. ಮಂಗಳೂರಿನಲ್ಲಿ ಕೆಲಸ ಮಾಡಿದ ಚಿಪ್ ಇಲ್ಲಿ ಬೇರೆ ಥರ ವರ್ತಿಸಬೇಡವೇ?
— ಓದುಗರು, ಚಾಮರಾಜಪೇಟೆ

ನಮಸ್ಕಾರ ಮೇಷ್ಟ್ರೇ. ಒತ್ತುವ ಕೆಲಸದಲ್ಲಿ ಹರಿವು ಬದಲಾಗುವುದಿಲ್ಲ. ಬಾಟಲಿಯ ಮೀಟರ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅನ್ನುವುದನ್ನು ಮಾತ್ರ, ಚಿಪ್ಪಿನ ಹೊರಬಾಯಿಯೂ ಅದೇ ಹೊರಗಿನ ಗಾಳಿಗೆ ತೆರೆದಿರುತ್ತದೆ, ಎರಡೂ ಕಡೆ ಕಡಿಮೆಯಾದದ್ದು ಹೊಡೆದುಹೋಗುತ್ತದೆ. ಹೀರುವ ಕೆಲಸದಲ್ಲಿ ನಿಮ್ಮ ಮಾತು ನಿಜ. ಇಲ್ಲಿನ ವಾಯುಭಾರ ಸುಮಾರು 910 ಮಿಲಿಬಾರ್, ಎಂಥ ವ್ಯಾಕ್ಯೂಮ್ ಪಂಪ್ ತಂದರೂ ಅದಕ್ಕಿಂತ ಜಾಸ್ತಿ ಎಳೆಯಲು ಆಗುವುದಿಲ್ಲ, ಮಂಗಳೂರಿನಲ್ಲಿ ಇನ್ನೂ ನೂರು ಸಿಗುತ್ತದೆ. ಆದರೆ ಅಷ್ಟು ಯಾರಿಗೆ ಬೇಕು? 2010ರಲ್ಲಿ ಹಾರ್ವರ್ಡ್‌ನ ವೀಸ್ ಸಂಸ್ಥೆಯವರು ಚಿಪ್ ಮೇಲೆ ಶ್ವಾಸಕೋಶದ ಮಾದರಿ ಮಾಡಿದಾಗ ಕಾಲುವೆಯ ಎರಡೂ ಪಕ್ಕ ವ್ಯಾಕ್ಯೂಮ್ ಎಳೆದು ಬಿಟ್ಟು ನಡುವಿನ ಪೊರೆ ಉಸಿರಾಡುವಂತೆ ಹಿಗ್ಗಿಸಿ ಕುಗ್ಗಿಸಿದ್ದರು. ಪೊರೆ ಹತ್ತರಲ್ಲೊಂದು ಪಾಲು ಹಿಗ್ಗಿದರೆ ಸಾಕು, ಅದಕ್ಕೆ ಬೆಂಗಳೂರಿನ ಗಾಳಿ ಧಾರಾಳ.

ಮಗ ಎಂಟನೇ ಕ್ಲಾಸು. ನಿಮ್ಮ ಬರಹ ಓದಿ ಮನೆಯಲ್ಲೇ ಮಾಡಿ ತೋರಿಸು ಅಂತ ಹಿಡಿದುಕೊಂಡಿದ್ದಾನೆ. ಏನಾದರೂ ದಾರಿ ಇದೆಯಾ?
— ಓದುಗರು, ಕೆಂಗೇರಿ ಉಪನಗರ

ಮೆಡಿಕಲ್ ಶಾಪಿನಲ್ಲಿ ಹೊಸ ಡ್ರಿಪ್ ಸೆಟ್ ಎರಡು ತನ್ನಿ, ಸೂಜಿ ಬೇಡ. ಎರಡು ಸಣ್ಣ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ಒಂದೊಂದನ್ನು ಚುಚ್ಚಿ ಬಾಟಲಿ ತಲೆಕೆಳಗಾಗಿ ಕಟ್ಟಿ, ಮೇಲಾದ ತಳಕ್ಕೆ ಗಾಳಿ ಬರಲು ತೂತು ಮಾಡಿ. ಎರಡೂ ಟ್ಯೂಬನ್ನು ಟೀ ಜೋಡಣೆಗೆ ಸೇರಿಸಿ, ಮೂರನೇ ಬಾಯಿಯಿಂದ ಒಂದು ಸಣ್ಣ ಟ್ಯೂಬು ಬಟ್ಟಲಿಗೆ. ಇದು ಚಿಪ್ಪಿಗಿಂತ ಎಷ್ಟೋ ಪಾಲು ದೊಡ್ಡದು, ಬಣ್ಣಗಳು ಸ್ವಲ್ಪ ಕಲೆಯುತ್ತವೆ, ಆದರೂ ಎತ್ತರವೇ ಒತ್ತಡ ಅನ್ನುವುದು ಮಗನ ಕೈಗೇ ಸಿಗುತ್ತದೆ. ಒಂದು ಬಾಟಲಿಯನ್ನು ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದನ್ನು ಅವನೇ ಹಿಡಿದು ಮೆಲ್ಲಗೆ ಕೆಳಗೆ ಇಳಿಸಲಿ. ಯಾವ ಎತ್ತರದಲ್ಲಿ ಒಂದರ ಬಣ್ಣ ಇನ್ನೊಂದರ ಟ್ಯೂಬಿಗೆ ನುಗ್ಗುತ್ತದೆ ಅಂತ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಲಿ. ಆಮೇಲೆ ರಾಜಾಜಿನಗರದ ಹುಡುಗನಿಗೆ ಕೊಟ್ಟ ಲೆಕ್ಕ ತೋರಿಸಿ, ಟ್ಯೂಬುಗಳು ಸಮ ಇಲ್ಲದ್ದರಿಂದ ಅವನ ಗುರುತು ಅರ್ಧಕ್ಕೆ ಬರುವುದಿಲ್ಲ, ಯಾಕೆ ಅಂತ ಅವನೇ ಹೇಳಲಿ. ಬಣ್ಣಕ್ಕೆ ಅರಿಶಿನ ಬೇಡ, ಪುಡಿ ಟ್ಯೂಬಿನಲ್ಲಿ ಕೂರುತ್ತದೆ. ಬೀಟ್‌ರೂಟ್ ನೀರು ಸೋಸಿ ಹಾಕಿ, ಇನ್ನೊಂದಕ್ಕೆ ಪೆನ್ನಿನ ಶಾಯಿ ಎರಡು ಹನಿ ಸಾಕು, ನೆಲಕ್ಕೆ ಹಳೇ ಪೇಪರ್ ಹಾಸಿ.